ಮೂರನೇ ಸುರಂಗದ ಗೋಡೆ

ಸಾಲಿನ ಕೊನೆಯಲ್ಲಿ ಹೆಲ್ಮೆಟ್ ತಗ್ಗಿಸಿಕೊಂಡು ನಿಂತಿದ್ದ ಹೆಂಗಸು ತನ್ನ ಅತ್ತಿಗೆಯೆಂದು ಗೈಡಿಗೆ ಗೊತ್ತಾದದ್ದು ಲಿಫ್ಟು ಗಣಿಯೊಳಕ್ಕೆ ಅರ್ಧ ಇಳಿದ ಮೇಲೆ. ಇನ್ನು ಹಿಂದಕ್ಕೆ ಕಳಿಸುವಂತಿರಲಿಲ್ಲ. ತಾನೂ ದುಡಿಯುತ್ತಿದ್ದ ಗಣಿ ಮುಚ್ಚಿದ ಮೇಲೆ, ಅದನ್ನೇ ಪ್ರವಾಸಿಗರಿಗೆ ತೋರಿಸುವ ಕೆಲಸಕ್ಕೆ ಅವನು ಸೇರಿ ಹನ್ನೊಂದು ವರ್ಷವಾಗಿತ್ತು. ನಾಲ್ಕು ಬೀದಿಯಾಚೆಗೇ ಮನೆಯಿದ್ದರೂ ಅತ್ತಿಗೆ ಒಂದು ದಿನವೂ ಇತ್ತ ತಲೆ ಹಾಕಿದವಳಲ್ಲ. ಅವಳ ಗಂಡ, ಅಂದರೆ ಇವನ ಅಣ್ಣ, ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ಲಿಫ್ಟಿನಲ್ಲಿ ಕೆಲಸಕ್ಕೆ ಇಳಿದವನು ಮತ್ತೆ ಮೇಲೆ ಬಂದಿರಲಿಲ್ಲ.

ಕೆಳಗೆ ಬಾಗಿಲು ತೆರೆಯಿತು. ಬಾಯಿಪಾಠವಾಗಿದ್ದ ಮಾತು ತಾನಾಗಿ ಹೊರಟಿತು. "ನಮ್ಮ ಜಿಲ್ಲೆಗೆ ಉತ್ತರದಲ್ಲಿ ಬೆಟ್ಟದ ಸಾಲು, ದಕ್ಷಿಣದಲ್ಲಿ ಹೊಳೆ. ಬೆಟ್ಟದಿಂದ ತಾಮ್ರ, ಹೊಳೆಯಿಂದ ಕರೆಂಟು. ಜಲಪಾತ ನೋಡಿ ಬಂದಿದ್ದೀರಿ, ಕೋಟೆ ನಾಳೆ ನೋಡ್ತೀರಿ. ಆದ್ರೆ ಜಿಲ್ಲೆಯ ಹೊಟ್ಟೆಯೊಳಗೇ ಇಳಿಯೋದು ಇಲ್ಲಿ ಮಾತ್ರ." ಇದಾದ ಮೇಲೆ ಒಂದು ತಮಾಷೆ ಬರಬೇಕು: ಹೆಂಡತಿಯ ಫೋನು ತಲುಪದ ಜಾಗ ಇಡೀ ಜಿಲ್ಲೆಯಲ್ಲಿ ಇದೊಂದೇ ಎಂದು. ದಿನಾ ಜನ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಅವನು ಅದನ್ನು ನುಂಗಿಕೊಂಡು ಮುಂದೆ ನಡೆದ.

ಕ್ಯಾಮೆರಾ ನೇತುಹಾಕಿಕೊಂಡಿದ್ದ ಯುವಕ ಕೇಳಿದ: "ಇಲ್ಲಿ ಅಪಘಾತ ಏನಾದ್ರೂ ಆಗಿತ್ತಾ ಸಾರ್?"

ವಾರಕ್ಕೆ ನಾಲ್ಕು ಜನ ಕೇಳುವ ಪ್ರಶ್ನೆ. ಅದಕ್ಕೆ ಆಫೀಸಿನವರು ಬರೆದುಕೊಟ್ಟ ಉತ್ತರವೂ ಇತ್ತು. ಬೇಡ ಬೇಡವೆನ್ನುವಷ್ಟರಲ್ಲಿ ನಾಲಿಗೆ ಹೇಳಿಯೇಬಿಟ್ಟಿತು: "ಇಲ್ಲ. ನಮ್ಮ ಗಣಿ ಸುರಕ್ಷತೆಗೆ ಹೆಸರುವಾಸಿ." ಹೇಳಿದ ಮೇಲೆ ಸಾಲಿನ ಕೊನೆಯ ಕಡೆ ನೋಡುವ ಧೈರ್ಯ ಬರಲಿಲ್ಲ. ಅತ್ತಿಗೆ ಮದುವೆಯಾಗಿ ಬಂದಾಗ ಇವನಿಗೆ ಹದಿಮೂರು. ತಾಯಿಯಿಲ್ಲದ ಮನೆಯಲ್ಲಿ ಇವನ ಜ್ವರ, ಹಟ, ಹರಿದ ಅಂಗಿ ಎಲ್ಲವನ್ನೂ ನೋಡಿಕೊಂಡವಳು ಅವಳು.

ಜನ ಗೋಡೆಯ ಹಸಿರು ಕಲೆಗಳನ್ನು ನೋಡುತ್ತ ಚದುರಿದಾಗ ಅತ್ತಿಗೆ ಪಕ್ಕಕ್ಕೆ ಬಂದಳು.

"ಹೇಳಿ ಬರಬಾರದಿತ್ತಾ ಅತ್ತಿಗೆ? ನಾನೇ ಕರ್ಕೊಂಡು ಬರ್ತಿದ್ದೆ."

"ಹೇಳಿದ್ರೆ ಬೇಡ ಅಂತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊಮ್ಮಗಳ ಪುಸ್ತಕದಲ್ಲಿ ನಮ್ಮ ಜಿಲ್ಲೆ ಅಂತ ಪಾಠ ಇದೆ. ನೋಡಬೇಕಾದ ಸ್ಥಳಗಳಲ್ಲಿ ಗಣೀನೂ ಇದೆ. ಅಜ್ಜಿ, ನೀನು ನೋಡಿದ್ದೀಯಾ ಅಂತ ಕೇಳಿದ್ಲು. ಇಲ್ಲ ಅಂದೆ. ಅವತ್ತಿಂದ ಮನಸ್ಸು ತಡೀಲಿಲ್ಲ. ಅವರು ಇರೋದು ಎಲ್ಲಿ, ತೋರಿಸು."

ಅವನು ಹತ್ತು ಹೆಜ್ಜೆ ನಡೆದು ಮೂರನೇ ಸುರಂಗದ ಬಾಯಿಗೆ ನಿಂತ. ಅಲ್ಲಿ ಸುರಂಗವಿರಲಿಲ್ಲ, ಸಿಮೆಂಟಿನ ಗೋಡೆಯಿತ್ತು. ಗೋಡೆಗೆ ಸುಣ್ಣ ಬಳಿದು, ಕೆಳಗಿನಿಂದ ದೀಪ ಬಿಟ್ಟಿದ್ದರು. ಅತ್ತಿಗೆ ಅಂಗೈಯನ್ನು ಗೋಡೆಗೆ ಆನಿಸಿದಳು. ತಣ್ಣಗಿತ್ತೆಂದು ಕಾಣುತ್ತದೆ, ಒಮ್ಮೆ ಎಳೆದುಕೊಂಡು ಮತ್ತೆ ಇಟ್ಟಳು.

"ಒಂದೇ ಏಟಿಗೆ ಮುಗಿದುಹೋಯ್ತು, ಅಣ್ಣಂಗೆ ಗೊತ್ತೇ ಆಗಲಿಲ್ಲ ಅಂತ ಹೇಳಿದ್ದೆ ನೀನು. ಅದು ನಿಜಾನಾ?"

ಮನೆಯಲ್ಲಿ ಕೇಳಿದ್ದರೆ ಹೌದೆನ್ನುತ್ತಿದ್ದ. ಎಷ್ಟೋ ಸಲ ಹೌದೆಂದೂ ಇದ್ದ. ಆ ಗೋಡೆಯ ಮುಂದೆ ನಿಂತು ಮತ್ತೆ ಅದೇ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಅತ್ತಿಗೆ. ಕುಸಿದ ಮೇಲೆ ಒಳಗಿಂದ ನೀರಿನ ಪೈಪಿಗೆ ಕಲ್ಲಲ್ಲಿ ತಟ್ತಾ ಇದ್ದ. ಈಚೆ ನಾನು ಕಿವಿಯಿಟ್ಟು ಕೇಳಿದೀನಿ. ಅಗೆದ್ರೆ ಮೇಲಿನ ಬಂಡೆ ಪೂರ್ತಿ ಕೂತುಬಿಡತ್ತೆ, ಇನ್ನೂ ಹತ್ತು ಜನ ಹೋಗ್ತಾರೆ ಅಂದ್ರು ಮೇಲಿನವರು. ಯಾರನ್ನೂ ಒಳಗೆ ಬಿಡಲಿಲ್ಲ."

"ಎಷ್ಟು ಹೊತ್ತು ತಟ್ಟಿದ್ರು?"

"ಮಾರನೇ ದಿನ ಮಧ್ಯಾಹ್ನದವರೆಗೂ."

ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡ. ಬಾರಿಸಿದ್ದರೆ ಅವನಿಗೂ ಹಗುರಾಗುತ್ತಿತ್ತು. ಅವಳು ಮಾತ್ರ ಗೋಡೆ ಮುಟ್ಟಿಕೊಂಡೇ ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ ನಿಂತಿದ್ದಳು. ಅಷ್ಟರಲ್ಲಿ ಉಳಿದವರೆಲ್ಲ ಗಲಗಲ ಮಾತಾಡುತ್ತ ಅಲ್ಲಿಗೇ ಬಂದರು. ಕೆಳಗೆ ಬೆಳಕು ಚೆನ್ನಾಗಿದ್ದದ್ದು ಅಲ್ಲೊಂದೇ ಕಡೆ. ಗ್ರೂಪ್ ಫೋಟೋ ಇಲ್ಲೇ ಆಗಲಿ ಎಂದರು ಯಾರೋ.

"ಅಮ್ಮ, ನೀವೂ ಬನ್ನಿ. ಗೈಡ್ ಸಾರ್ ಪಕ್ಕ ನಿಂತ್ಕೊಳ್ಳಿ," ಎಂದ ಕ್ಯಾಮೆರಾದ ಯುವಕ.

ಅತ್ತಿಗೆ ಬಂದು ನಿಂತಳು. ಹೆಲ್ಮೆಟ್ ಸರಿಮಾಡಿಕೊಂಡಳು. ಯುವಕ ಹಿಂದಕ್ಕೆ ಎರಡು ಹೆಜ್ಜೆ, ಮುಂದಕ್ಕೆ ಒಂದು ಹೆಜ್ಜೆ ಇಟ್ಟು ಎಲ್ಲರೂ ಸಿಗುತ್ತಾರೋ ಎಂದು ನೋಡುತ್ತಿದ್ದಾಗ, ಅವಳು ಮುಖ ತಿರುಗಿಸದೆ ಇವನಿಗಷ್ಟೇ ಕೇಳುವ ಹಾಗೆ ಹೇಳಿದಳು:

"ಗಂಡ ತೀರಿಕೊಂಡಿದ್ದಾರೆ ಅಂತ ಗಣಿ ಆಫೀಸಿಂದ ಕಾಗದ ಬಂದಿದ್ದು ಮಾರನೇ ದಿನ ಬೆಳಿಗ್ಗೆ. ಹತ್ತು ಗಂಟೆ ಇರಬೇಕು. ನಾನು ಸಹಿ ಹಾಕುವಾಗ ಅವರಿನ್ನೂ ತಟ್ತಾ ಇದ್ರು." ಒಂದು ಉಸಿರು ಬಿಟ್ಟು ಸೇರಿಸಿದಳು: "ಎಲ್ಲಿ ಹಾಕ್ಬೇಕು ಅಂತ ನೀನೇ ಬೆರಳಿಟ್ಟು ತೋರಿಸಿದ್ದೆ."

ಬೆಳಕು ಫಳಕ್ಕನೆ ಹೊಳೆಯಿತು. ಯುವಕ ಫೋಟೋ ನೋಡಿಕೊಂಡು ತಲೆಯಾಡಿಸಿದ.

"ಇನ್ನೊಂದು ತೆಗೀತೀನಿ, ಯಾರೂ ಅಲುಗಾಡಬೇಡಿ. ಗೈಡ್ ಸಾರ್ ಕಣ್ಣು ಮುಚ್ಚಿಕೊಂಡುಬಿಟ್ರು."