ಹಿತ್ತಿಲಿಗೆ ಬಿಸಿನೀರು

"ಬೈಕು ಗಿರಣಿ ಹತ್ರಾನೇ ನಿಲ್ಸಿ, ಹಿಂದ್ಗಡೆ ಓಣಿಯಿಂದ ಬಂದ್ಬಿಡಪ್ಪಾ. ಪೈಪು ಕಾಣ್ದಂಗೆ ಗೋಣಿಚೀಲ ಸುತ್ಕೊಂಡ್ ಬಾ," ಎಂದು ಕೆಂಪರಾಜು ಫೋನಿನಲ್ಲಿ ಪಿಸುಗುಟ್ಟಿದ. ಬೀರೂರಿನಿಂದ ತರೀಕೆರೆಗೆ ಬಂದಿದ್ದ ಷಡಕ್ಷರಿಗೆ, ತಾನು ಲೈಸೆನ್ಸ್ ಇರುವ ಪ್ಲಂಬರೋ ಇಲ್ಲಾ ಕಳ್ಳಮಾಲು ಸಾಗಿಸುವವನೋ ಎಂದು ತನ್ನ ಮೇಲೇ ಅನುಮಾನ ಬಂತು.

"ಯಾರ್ಗಣ್ಣಾ ಇಷ್ಟು ಹೆದ್ರೋದು?"

"ನಮ್ಮಕ್ಕನ ಮಗನೂ ಪ್ಲಂಬರ್ರೇ ಕಣಪ್ಪಾ. ಎದುರು ಬೀದೀಲೇ ಇದ್ದಾನೆ."

ಎಡವಟ್ಟಾಗಿದ್ದೇ ಅಲ್ಲಿ. ನೆಂಟರಲ್ಲೇ ಒಬ್ಬ ಪ್ಲಂಬರ್ ಇದ್ದಾನೆಂದರೆ ಮುಗಿಯಿತು, ಆ ಮನೆಯ ನಲ್ಲಿ ಜನ್ಮದಲ್ಲಿ ರಿಪೇರಿಯಾಗುವುದಿಲ್ಲ. ಕೆಂಪರಾಜು ಮತ್ತು ಅವನ ಹೆಂಡತಿ ದುರ್ಗಮ್ಮ ಮನೆಯ ಮುಂದಿನ ಕೋಣೆಯಲ್ಲೇ ತಟ್ಟೆ ಇಡ್ಲಿ ಮಾರುವವರು. ಬೆಳಿಗ್ಗೆ ರಾಶಿ ಬೀಳುವ ತಟ್ಟೆ, ಕೊಳಗಗಳನ್ನೆಲ್ಲ ದುರ್ಗಮ್ಮನೇ ಹಿತ್ತಿಲ ಕಟ್ಟೆಯಲ್ಲಿ ತೊಳೆಯಬೇಕು. ಚಳಿಗಾಲ ಬಂತೆಂದರೆ ಕೆಮ್ಮಣ್ಣುಗುಂಡಿ ಕಡೆಯ ಗಾಳಿಗೆ ಅಲ್ಲಿಯ ನೀರು ಮೂಳೆ ಕೊರೆಯುತ್ತಿತ್ತು. ಗೀಸರ್ ಇದ್ದದ್ದು ಗೋಡೆಯಾಚೆ, ಬಚ್ಚಲಮನೆಯಲ್ಲಿ. ಬಕೆಟ್ಟಿನಲ್ಲಿ ಹೊತ್ತು ತಂದ ಬಿಸಿನೀರು ನಾಲ್ಕು ತಟ್ಟೆ ತೊಳೆಯುವಷ್ಟರಲ್ಲಿ ಆರಿಹೋಗುತ್ತಿತ್ತು.

"ಗೋಡೆಗೊಂದು ತೂತು ಹೊಡ್ಸಿ ಇತ್ಲಾಗೊಂದು ಪೈಪು ಎಳ್ಸಿಕೊಡ್ರೀ, ಬೆರಳೆಲ್ಲಾ ಸೆಟ್ಕಂತಾವೆ," ಎಂದು ಅವಳು ಕೇಳಿದಾಗಲೆಲ್ಲ ಕೆಂಪರಾಜು ಅಕ್ಕನ ಮಗ ಹೊನ್ನೇಶನಿಗೆ ಹೇಳುತ್ತಿದ್ದ. ಹೊನ್ನೇಶ ಕೆಟ್ಟವನಲ್ಲ. "ನಾಳೆ ಬತ್ತೀನಿ ಮಾವ," ಎನ್ನುತ್ತಿದ್ದ. ಹೊರಗಿನವರ ಕೆಲಸ ಮುಗಿದ ಮೇಲೆ ತಾನೇ ಮನೆಯವರದ್ದು? ಬೇರೆಯವನನ್ನು ಕರೆಸೋಣವೆಂದರೆ ಅಕ್ಕ ಮಾತು ಬಿಟ್ಟಾಳು ಎಂಬ ಭಯ. ಹೀಗೆ ಒಂದು ಚಳಿಗಾಲ ಹೋಯಿತು, ಮತ್ತೊಂದು ಬಂತು. ಹೋದ ಸಂಕ್ರಾಂತಿ ಮುಗಿದ ವಾರ, ಕೊಳಗ ಉಜ್ಜುತ್ತಿದ್ದ ದುರ್ಗಮ್ಮ ಅದೇ ಕಟ್ಟೆಯ ಮೇಲೆ ಕುಸಿದುಬಿದ್ದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು.

ತಣ್ಣೀರಿಗೂ ಲಕ್ವಕ್ಕೂ ಸಂಬಂಧವಿಲ್ಲ, ಅದು ಬಿ.ಪಿ.ಯಿಂದ ಆಗಿದ್ದು ಎಂದು ಶಿವಮೊಗ್ಗದ ಡಾಕ್ಟರು ಬಿಡಿಸಿ ಹೇಳಿದರು. ಕೆಂಪರಾಜುವಿಗೆ ಆ ಮಾತು ನಾಟಲೇ ಇಲ್ಲ. ಅಂದಿನಿಂದ ತಟ್ಟೆ ತೊಳೆಯುವ ಕೆಲಸ ಅವನ ಪಾಲಿಗೆ ಬಂದು, ಆ ನೀರು ಎಂಥದ್ದೆಂದು ಅವನ ಕೈಗೂ ಗೊತ್ತಾಯಿತು. ದುರ್ಗಮ್ಮ ಮೆಲ್ಲಗೆ ಎದ್ದು ಓಡಾಡುವಂತಾದಳು. ಕೈ ಎತ್ತಿದಳು, ಬೆರಳು ಮಡಚಿದಳು. "ನಂಗೆಲ್ಲಾ ಸರಿಹೋಯ್ತು ಕಣ್ರೀ. ಈ ಸೋಮವಾರದಿಂದ ತಟ್ಟೆ ನಾನೇ ತೊಳೀತೀನಿ," ಎಂದು ಹಟ ಹಿಡಿದಳು. ಆಗಲೇ ಕೆಂಪರಾಜು ಷಡಕ್ಷರಿಯ ನಂಬರು ಹುಡುಕಿದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

ಗೋಣಿಚೀಲ ಪೈಪನ್ನು ಮುಚ್ಚೀತು, ಗೋಡೆ ಕೊರೆಯುವ ಸದ್ದನ್ನು ಮುಚ್ಚೀತೇ? ಕಾಲು ಗಂಟೆಯಲ್ಲಿ ಹೊನ್ನೇಶ ಹಿತ್ತಿಲಲ್ಲಿದ್ದ.

"ಏನ್ ಮಾವ ಇದು! ನಂಗೊಂದ್ ಮಾತು ಹೇಳ್ಬಾರ್ದಿತ್ತಾ? ನಾಳೆ ನಾನೇ ಬತ್ತಿದ್ದೆ."

ಸಮಾಧಾನ ಹೇಳಬೇಕೆಂದೇ ಕೆಂಪರಾಜು ಬಾಯಿ ತೆರೆದದ್ದು. ಬಂದದ್ದು ಬೇರೆ. "ಲೇ ಹೊನ್ನೇಶ, ನಿನ್ ಮೇಲೆ ಸಿಟ್ಟಿಲ್ಲ ಕಣೋ. ಬೇರೆಯವ್ರನ್ನ ಕರೆದ್ರೆ ನೀನು ನೊಂದ್ಕಂತೀಯ, ಅಕ್ಕ ನೊಂದ್ಕಂತಾಳೆ ಅಂತ ಕಾದೆ. ಇವ್ಳೂ ನೊಂದ್ಕಂತಾಳೆ ಅಂತ ನನ್ನ ಈ ಹಾಳು ತಲೆಗೆ ಹೊಳೀಲೇ ಇಲ್ಲ ನೋಡು!"

ಒಳಗಿನಿಂದ ಬಂದ ದುರ್ಗಮ್ಮ, "ಅಯ್ಯೋ ಬಿಡ್ರೀ, ಮಗೀಗೆ ಯಾಕ್ ಬೈತೀರಿ? ಕಾಪಿ ಕುಡ್ಕಂಡ್ ಹೋಗೋ," ಎಂದಳು. ಹೊನ್ನೇಶ ಕಾಫಿಗೆ ಕೂರದೆ, ಷಡಕ್ಷರಿಯ ಪಕ್ಕ ಹೋಗಿ ಪೈಪು ಹಿಡಿದುಕೊಂಡು ನಿಂತ. ಷಡಕ್ಷರಿ ಗೋಡೆಯ ಹೊರಗಿನ ಪೈಪಿಗೆ ಸ್ಪಂಜಿನ ಪಟ್ಟಿ ಸುತ್ತುತ್ತಾ, "ಇದು ಹರಿದ್ರೆ ತಕ್ಷಣ ಬೇರೆ ಸುತ್ತಿಸ್ಬೇಕು ಅಮ್ಮಾ. ಇಲ್ದಿದ್ರೆ ಈ ಚಳೀಲಿ ನಲ್ಲಿಗೆ ಬರೋ ಹೊತ್ಗೆ ನೀರು ಆರೋಗಿರ್ತದೆ," ಎಂದ. ಕಡೆಗೆ ಹೊಸ ನಲ್ಲಿ ಕೂರಿಸಿ, "ನೀರು ಬಿಟ್ ನೋಡ್ತಿರಿ," ಎಂದು ಹೇಳಿ ಹೊನ್ನೇಶನನ್ನೂ ಕರೆದುಕೊಂಡು ಬಚ್ಚಲಮನೆಗೆ ಹೋದ.

ಕೆಂಪರಾಜು ನಲ್ಲಿ ತಿರುಗಿಸಿದ. ದುರ್ಗಮ್ಮ ಸೆರಗು ಸಿಕ್ಕಿಸಿಕೊಂಡು ಬಲಗೈಯನ್ನು ನೀರಿಗೆ ಒಡ್ಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆ ಮುಖ ನಿಧಾನಕ್ಕೆ ಅರಳಿತು. ಎಷ್ಟೋ ತಿಂಗಳ ಮೇಲೆ ಅವನ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು.

"ಹೆಂಗೈತೆ?" ಎಂದ.

"ಅಬ್ಬಬ್ಬಾ! ಎಷ್ಟು ಚೆನ್ನಾಗೈತೆ ಕಣ್ರೀ, ಜೀವ ಬಂದಂಗಾಯ್ತು," ಎಂದಳು ದುರ್ಗಮ್ಮ, ಕೈ ತೆಗೆಯದೆ. "ಒಸಿ ಜಾಸ್ತೀನೇ ಬಿಸಿ. ತಣ್ಣೀರು ಬೆರೆಸ್ಕೋಬೇಕು."

ಬಚ್ಚಲಮನೆಯ ಕಿಟಕಿಯಿಂದ ಷಡಕ್ಷರಿ ಕೂಗಿದ: "ಅಣ್ಣಾ, ಎಲ್ಲೂ ಸೋರ್ತಿಲ್ಲ ತಾನೆ? ಹಂಗಾದ್ರೆ ಗೀಸರ್ ಸ್ವಿಚ್ ಹಾಕ್ಲಾ?"