ಹದಿನಾಲ್ಕನೇ ಕ್ರಾಸಿಗೆ ಹೋದ ಪತ್ರಗಳು

ಅವಸರದಲ್ಲಿದ್ದರೆ ಆಮೇಲೆ ಓದಿ... ಆದರೆ ಓದದೆ ಬಿಡಬೇಡಿ.

ಅಂಕೋಲೆಯಿಂದ ದಾವಣಗೆರೆಗೆ ಟ್ರಾನ್ಸ್‌ಫರ್ ಆಗಿ ಬಂದಾಗ ಪಂಕಜಾಕ್ಷಿ ಮೇಡಂಗೆ ನಲವತ್ತೊಂಬತ್ತು ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮದುವೆ ಆಗಿರಲಿಲ್ಲ. ಹೊಸ ಊರಿನಲ್ಲಿ ಗುರುತಿನವರು ಒಬ್ಬರೂ ಇಲ್ಲ.

ದಿನಕ್ಕೆ ಎಂಬತ್ತು ಜನರ ರಕ್ತ ತೆಗೆಯುತ್ತಿದ್ದರು... ಸೂಜಿ ಕಂಡ ಕೂಡಲೇ ಎಲ್ಲರೂ ಮುಖ ಆಚೆ ತಿರುಗಿಸುತ್ತಿದ್ದರು.

ಕೆಲವು ಭಾನುವಾರ, ಹಾಲಿನ ಅಂಗಡಿಯಲ್ಲಿ "ಅರ್ಧ ಲೀಟರ್ ಕೊಡಿ" ಅಂದದ್ದೇ ಆ ದಿನವಿಡೀ ಆಡಿದ ಮಾತು.

ಇದ್ದದ್ದು ಒಂದೇ ಹವ್ಯಾಸ. ಬಾಡಿಗೆ ಮನೆಯ ಟೆರೇಸಿನಲ್ಲಿ ಹತ್ತು ಕುಂಡ... ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಕೈತೋಟದ ಪತ್ರಿಕೆ.

ಅದರಲ್ಲಿ 'ಬೀಜ ವಿನಿಮಯ' ಅಂತ ಒಂದು ಪುಟ. ಓದುಗರು ತಮ್ಮ ವಿಳಾಸ ಕೊಟ್ಟು, ಒಬ್ಬರಿಗೊಬ್ಬರು ಬೀಜ ಕಳಿಸಿಕೊಳ್ಳುವುದು.

ಪಂಕಜಾಕ್ಷಿಯೂ ಬರೆದು ಕಳಿಸಿದರು. "ನನ್ನ ಹತ್ತಿರ ಅಂಕೋಲೆಯ ಕೆಂಪು ಹರಿವೆ ಸೊಪ್ಪಿನ ಬೀಜ ಇದೆ. ನೀವು ಯಾವ ಬೀಜ ಕಳಿಸಿದರೂ ಸಂತೋಷ. ಜೊತೆಗೆ ನಾಲ್ಕು ಸಾಲು ಬರೆದರೆ ಇನ್ನೂ ಸಂತೋಷ."

ಕೊನೆಯ ಸಾಲನ್ನು ಎರಡು ಸಲ ಹೊಡೆದುಹಾಕಿ, ಮತ್ತೆ ಬರೆದಿದ್ದರು.

ಏಪ್ರಿಲ್ ಹೋಯಿತು... ಆ ತಿಂಗಳ ಪತ್ರಿಕೆಯೇ ಬರಲಿಲ್ಲ. ಆಫೀಸಿಗೆ ಫೋನ್ ಮಾಡಿದರು.

"ನಿಮ್ಮದು ಹಾಕಿದ್ದೀವಲ್ಲ ಮೇಡಂ, ಏಪ್ರಿಲ್‌ನಲ್ಲೇ."

"ಆ ಸಂಚಿಕೆ ನನಗೆ ಸಿಕ್ಕಿಲ್ಲ ಸರ್... ಒಂದು ಪ್ರತಿ ಕಳಿಸ್ತೀರಾ?"

"ಪೋಸ್ಟ್‌ನವರನ್ನ ಕೇಳಿ." ಫೋನ್ ಇಟ್ಟೇಬಿಟ್ಟರು.

ಮೇ... ಜೂನ್... ದಿನಾ ಸಂಜೆ ಗೇಟಿನ ಡಬ್ಬಿ ತೆಗೆದು ನೋಡುವುದು. ಕರೆಂಟ್ ಬಿಲ್ಲು, ಕೋಚಿಂಗ್ ಸೆಂಟರಿನ ಪಾಂಪ್ಲೆಟ್ಟು. ಅಷ್ಟೇ.

ಮತ್ತೆರಡು ಸಲ ಫೋನ್ ಮಾಡಿದರು. ಅದೇ ದನಿ... "ನೋಡೋಣ ಮೇಡಂ" ಅಂದಿತು. ಇನ್ನೊಮ್ಮೆ, "ಜನ ಬರೀದಿದ್ರೆ ನಾವೇನು ಮಾಡೋಕಾಗುತ್ತೆ?" ಅಂದಿತು.

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಇಷ್ಟು ದೊಡ್ಡ ರಾಜ್ಯದಲ್ಲಿ ನನಗೆ ನಾಲ್ಕು ಸಾಲು ಬರೆಯುವವರು ಒಬ್ಬರೂ ಇಲ್ಲವಾ?... ಕುಂಡಗಳಿಗೆ ನೀರು ಹಾಕುವುದೂ ತಪ್ಪತೊಡಗಿತು.

ಸೆಪ್ಟೆಂಬರಿನಲ್ಲಿ ಒಂದು ದಿನ ಲೈಬ್ರರಿಯಲ್ಲಿ ಆ ಏಪ್ರಿಲ್ ಸಂಚಿಕೆ ಕಣ್ಣಿಗೆ ಬಿತ್ತು. ಹೆಸರು ಸರಿಯಾಗಿತ್ತು. ಮನೆ ನಂಬರ್ ಇಪ್ಪತ್ತೇಳು, ಅದೂ ಸರಿ. ನಾಲ್ಕನೇ ಕ್ರಾಸ್ ಅಂತ ಇರಬೇಕಾದ ಕಡೆ ಮಾತ್ರ... ಹದಿನಾಲ್ಕನೇ ಕ್ರಾಸ್.

ಹೊರಗೆ ಬಂದು ಅಲ್ಲಿಂದಲೇ ಫೋನ್ ಮಾಡಿದರು.

"ಒಂದು ಅಕ್ಷರ ಹೆಚ್ಚುಕಮ್ಮಿ ಆಗುತ್ತೆ ಮೇಡಂ. ತಿದ್ದುಪಡಿ ಹಾಕೋಕೆ ಜಾಗ ಇಲ್ಲ. ನಿಮ್ಮ ಪತ್ರ ಯಾರ ಮನೆಗೆ ಹೋಯ್ತೋ, ನಮಗೆ ಹೆಂಗೆ ಗೊತ್ತಾಗುತ್ತೆ?"

ಭಾನುವಾರ ಬೆಳಿಗ್ಗೆ ಪಂಕಜಾಕ್ಷಿ ಹದಿನಾಲ್ಕನೇ ಕ್ರಾಸಿಗೆ ನಡೆದುಕೊಂಡೇ ಹೋದರು. ಐದು ತಿಂಗಳು... ಯಾರು ಇಟ್ಟುಕೊಂಡಿರುತ್ತಾರೆ? ಹರಿದು ಎಸೆದಿರುತ್ತಾರೆ ಅಂದುಕೊಂಡೇ ಇಪ್ಪತ್ತೇಳನೇ ನಂಬರಿನ ಮೆಟ್ಟಿಲು ಹತ್ತಿದರು.

ಬಾಗಿಲು ತೆಗೆದದ್ದು ವಯಸ್ಸಾದ ಒಬ್ಬ ಹೆಂಗಸು. ಮಂಡಿ ಹಿಡಿದುಕೊಂಡು ನಿಂತಿದ್ದರು.

"ನನ್ನ ಹೆಸರು ಪಂಕಜಾಕ್ಷಿ. ನನ್ನ ಪತ್ರಗಳೇನಾದರೂ..."

ಆಕೆ ಎರಡೂ ಕೈಯಲ್ಲಿ ಇವರ ಕೈ ಹಿಡಿದುಕೊಂಡರು. "ಬಂದ್ಯಾ ತಾಯಿ... ಎಷ್ಟು ಕಾದೆ ನಿನಗೆ."

ಅವರು ಖೈರುನ್ನೀಸಾ, ರಿಟೈರ್ ಆದ ಅಂಗನವಾಡಿ ಟೀಚರ್. ಒಬ್ಬರೇ ಇರುವುದು. ಮಂಡಿ ನೋವಿನಿಂದ ಮೆಟ್ಟಿಲು ಇಳಿದು ವರ್ಷವಾಗಿತ್ತು.

ಒಳಗೆ ಬಾಲ್ಕನಿ ತುಂಬ ಎಣ್ಣೆ ಡಬ್ಬ, ಒಡೆದ ಬಕೆಟ್ಟು... ಎಲ್ಲದರಲ್ಲೂ ಗಿಡ. ಗ್ರಿಲ್ ತುಂಬ ಶಂಖಪುಷ್ಪ, ಹೀರೆ ಬಳ್ಳಿಯಲ್ಲಿ ಹೂವು. ಒಂದೊಂದು ಡಬ್ಬಕ್ಕೂ ಒಂದೊಂದು ಚೀಟಿ. ಹೂವಿನಹಡಗಲಿ... ಚಾಮರಾಜನಗರ... ಇಳಕಲ್...

"ಬೇರೆಯವರ ಪತ್ರ ಒಡೀಬಾರದು, ಗೊತ್ತು. ಮೊದಲನೇ ಕವರ್ ಹರಿದು ಬೀಜ ಚೆಲ್ತಾ ಇತ್ತಮ್ಮ. ಮಳೆಗಾಲ ಬೇರೆ ಬಂತು. ಬಿತ್ತದೆ ಇಟ್ಟರೆ ಹಾಳಾಗ್ತಾವೆ ಅಂತ ಬಿತ್ತಿಬಿಟ್ಟೆ. ಯಾರು ಕಳಿಸಿದ್ದು ಅಂತ ನಿನಗೆ ತಿಳೀಲಿ ಅಂತ ಚೀಟಿ."

ಆಮೇಲೆ ಮೆಲ್ಲಗೆ ಅಂದರು, "ಪತ್ರದಲ್ಲಿ ಹೆಸರು ನೋಡಿ ಪತ್ರಿಕೆ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಆ ಹೆಣ್ಣುಮಗಳ ನಂಬರ್ ಕೊಡಿ, ಇಲ್ಲಾ ನನ್ನ ನಂಬರಾದ್ರೂ ಅವಳಿಗೆ ಕೊಡಿ ಅಂದೆ. ಬೇಕಾದ್ರೆ ಇಟ್ಕೊಳ್ಳಿ, ಬೇಡವಾದ್ರೆ ಬಿಸಾಕಿ ಅಂದ್ರು."



ಒಬ್ಬರು ಪತ್ರ ಬಂದಿಲ್ಲ ಅಂತ, ಇನ್ನೊಬ್ಬರು ಯಾರದೋ ಪತ್ರ ಬಂದಿದೆ ಅಂತ... ಐದು ತಿಂಗಳು ಇಬ್ಬರೂ ಕೇಳಿದ್ದು ಆಫೀಸಿನಲ್ಲಿ ಫೋನ್ ಎತ್ತುವ ಆ ಒಬ್ಬನೇ ಮನುಷ್ಯನನ್ನ.

ಒಟ್ಟು ಹನ್ನೊಂದು ಪತ್ರ. ಇಳಕಲ್ಲಿನ ಶರಣಮ್ಮ ಅನ್ನುವವರು ಮೂರು ಸಲ ಬರೆದಿದ್ದರು. ಮೂರನೆಯದರಲ್ಲಿ ಇದ್ದದ್ದು ಇಷ್ಟೇ... "ನೀವು ಉತ್ತರ ಬರೆಯಲಿಲ್ಲ. ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಇರಬಹುದು. ಇನ್ನು ತೊಂದರೆ ಕೊಡುವುದಿಲ್ಲ ಅಕ್ಕಾ."

ಅದನ್ನು ಓದಿ ಪಂಕಜಾಕ್ಷಿ ಅತ್ತುಬಿಟ್ಟರು. ಖೈರುನ್ನೀಸಾ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

ಸೋಮವಾರ ಪಂಕಜಾಕ್ಷಿ ಕೊನೆಯ ಸಲ ಪತ್ರಿಕೆ ಆಫೀಸಿಗೆ ಫೋನ್ ಮಾಡಿದರು. ಬೈಯಲಿಲ್ಲ.

"ಪತ್ರ ಸಿಕ್ಕಿದವು ಸರ್. ಅವು ಯಾರ ಹತ್ತಿರ ಇವೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ನಾವಿಬ್ಬರೂ ಹೇಳಿದ್ದು ನಿಮಗೇ..."

ಆ ಕಡೆಯಿಂದ ಅದೇ ದನಿ... "ನಾನು ಸರಿಯಾಗಿ ಕೇಳಿಸ್ಕೊಂಡಿರಲಿಲ್ಲ ಮೇಡಂ... ತಪ್ಪಾಯ್ತು."

ಪಂಕಜಾಕ್ಷಿ ಎಲ್ಲರಿಗೂ ಹರಿವೆ ಬೀಜ ಇಟ್ಟು ಉತ್ತರ ಬರೆದರು. ಐದು ಜನ ಮತ್ತೆ ಬರೆದಿದ್ದಾರೆ. ಈಗ ಭಾನುವಾರದ ಊಟ ಹದಿನಾಲ್ಕನೇ ಕ್ರಾಸಿನಲ್ಲಿ.

ಶರಣಮ್ಮನಿಗೆ ತಿಂಗಳಿಗೊಂದು ಪತ್ರ ಹೋಗುತ್ತದೆ... ಅವರಿಂದ ಮಾತ್ರ ಇವತ್ತಿನವರೆಗೂ ಉತ್ತರ ಬಂದಿಲ್ಲ.

ನಮಗೆ ಅದು ಇನ್ನೊಂದು ಫೋನ್ ಕಾಲ್... ಆ ಕಡೆ ಇರುವವರಿಗೆ ಅದೇ ಕೊನೆಯ ದಾರಿ ಆಗಿರಬಹುದು.

ಇವತ್ತು ನೀವು ಯಾರ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಫೋನ್ ಇಟ್ಟಿರಿ?... ಒಮ್ಮೆ ನೆನಪು ಮಾಡಿಕೊಳ್ಳುತ್ತೀರಾ?