ಜೋಮು ಇಳಿದ ಹೊತ್ತು

ಮಧ್ಯಾಹ್ನ ಎರಡೂವರೆಗೆ ಫೋನು ಬಂದಾಗ ಚಂದವ್ವನ ಕೆಳದುಟಿಯ ಜೋಮು ಪೂರಾ ಇಳಿದಿತ್ತು. ಬಾಯಿಗೆ ಹಿಡಿದಿದ್ದ ನೀರಿನ ಲೋಟದ ತಣುಪು ತುಟಿಯ ಬಲಕ್ಕೂ ಎಡಕ್ಕೂ ಒಂದೇ ಸಮ ಹತ್ತುತ್ತಿತ್ತು.

"ಜೋಮು ಇಳೀತೇನ್ರಿ ಚಂದವ್ವಾರ?" ಬಾಗಲಕೋಟೆಯಿಂದ ಡಾಕ್ಟರ್ ಆಫ್ರೀನ ಕೇಳಿದಳು.

ಚಂದವ್ವ ಲೋಟ ಕೆಳಗಿಟ್ಟಳು. "ಇನ್ನಾ ಇಲ್ರಿ ಬಾಯಾರ," ಅಂದಳು.

ಹಲ್ಲಿನ ದವಾಖಾನೆಯಲ್ಲಿ ಆಫ್ರೀನ ತನ್ನ ಓದಿಗಾಗಿ ನಡೆಸಿದ್ದ, ಜೋಮು ಹಿಡಿಸುವ ಔಷಧಗಳ ಪರೀಕ್ಷೆಗೆ ಚಂದವ್ವ ಒಪ್ಪಿ ಸಹಿ ಹಾಕಿದ್ದಳು. ಕೆಳಗಿನ ದವಡೆಯಲ್ಲಿ ಎರಡೂ ಬದಿಗೆ ಒಂದೊಂದು ಹಲ್ಲು ಹುಳ ತಿಂದಿತ್ತು. ಮೊದಲ ಸಲ ಎಡಗಡೆ ಒಂದು ಔಷಧದ ಸೂಜಿ, ಹದಿನೈದು ದಿನ ಬಿಟ್ಟು ಬಲಗಡೆ ಇನ್ನೊಂದರದು. ಒಂದು ಬಹಳ ವರ್ಷಗಳಿಂದ ನಡೆದುಬಂದ ಲಿಡೊಕೇನ್, ಮತ್ತೊಂದು ಈಚಿನ ಆರ್ಟಿಕೇನ್. ಯಾವ ಸಲ ಯಾವುದೆಂದು ಇಬ್ಬರಿಗೂ ತಿಳಿಯದ ಹಾಗೆ ಬರೀ ನಂಬರು ಹಚ್ಚಿಟ್ಟಿದ್ದರು. ಮೇಲಿನ ಹಲ್ಲು ಹೇಳಿದ ಮಾತು ಕೇಳುತ್ತವೆ, ಕೆಳಗಿನ ದವಡೆ ಮಾತ್ರ ಭಾಳ ಹಟಮಾರಿ, ಅದನ್ನು ಯಾವ ಔಷಧ ಬೇಗ ಮಣಿಸುತ್ತದೆ, ಎಷ್ಟು ಹೊತ್ತು ಮಲಗಿಸುತ್ತದೆ ನೋಡಬೇಕು ಎಂದು ಆಫ್ರೀನ ನಗುತ್ತ ತಿಳಿಸಿ ಹೇಳಿದ್ದಳು. ಹಲ್ಲು ಕಿತ್ತ ಮೇಲೆ ಊರಿಗೆ ಹೋಗಬಹುದು. ಜೋಮು ಇಳಿಯುವ ತನಕ ಅರ್ಧ ತಾಸಿಗೊಮ್ಮೆ ತಾನೇ ಫೋನು ಹಚ್ಚುತ್ತಾಳೆ, ಇಳಿದ ಹೊತ್ತು ಬರೆದುಕೊಂಡರೆ ಮುಗಿಯಿತು.

ಮೊದಲ ಸಲ ಕಮತಗಿ ದಾಟುವಾಗ ಒಂದು ಫೋನು ಬಂದಿತ್ತು, ಹುನಗುಂದದ ನಿಲ್ದಾಣದಲ್ಲಿ ಒಂದು, ಇಳಕಲ್ಲಿನ ಮನೆ ಮುಟ್ಟಿದ ಮೇಲೆ ಮತ್ತೆರಡು. ಗಂಡ ಕಾಶಪ್ಪ ತೀರಿ ನಾಲ್ಕು ವರ್ಷ. ಅವನ ಕುಣಿಮಗ್ಗದ ಮೇಲೆ ಈಗ ಹಾಸಿಗೆ ಮಡಿಚಿಟ್ಟಿತ್ತು. ಚಂದವ್ವ ನೇಕಾರರಿಗೆ ಕಂಡಿಕೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ವಾರಕ್ಕೊಮ್ಮೆ ನೂಲು ತರುವ ಮಾಲಕನೊಡನೆ ನಾಲ್ಕು ಮಾತಾದರೆ ಆ ವಾರದ ಮಾತು ತೀರಿದಂತೆ. ನೂಲು ಹರಿದಾಗ ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕಡಿಯುವುದು ಅವಳ ರೂಢಿ. ಅಂದು ಹಾಗೆ ಕಡಿಯಹೋಗಿ, ಜೋಮು ಹಿಡಿದ ತುಟಿಯನ್ನೇ ಕಚ್ಚಿಕೊಂಡು ರಕ್ತ ಬಂದಿತ್ತು. ಫೋನಿನಲ್ಲಿ ಹೇಳಿದರೆ ಆಫ್ರೀನ ರೇಗಿದಳು: "ಕತ್ತರಿ ಇಲ್ಲೇನ್ರಿ ಮನ್ಯಾಗ? ಹಲ್ಲಿಲೆ ಯಾಕ ಹರೀತೀರಿ?" ಚಂದವ್ವ ಅಷ್ಟು ಬೈಸಿಕೊಂಡು ಬಹಳ ದಿನವಾಗಿತ್ತು. ಅರ್ಧ ತಾಸು ಬಿಟ್ಟು, ಜೋಮು ಇಳಿಯಿತೆಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಫೋನು ಅಲ್ಲಿಗೇ ನಿಂತಿತು.

ಬಲಗಡೆಯ ಹಲ್ಲು ಕಿತ್ತ ಈ ಸಲ ಮೂರಕ್ಕೂ ಇಲ್ಲ ಅಂದಳು, ಮೂರೂವರೆಗೂ ಇಲ್ಲ ಅಂದಳು. ನಾಲ್ಕರ ಫೋನಿನಲ್ಲಿ ಆಫ್ರೀನ ಊಟಕ್ಕೇನು ಎಂದು ಕೇಳಿದಳು. ಗಂಜಿ ಅಂದಾಗ, ಒಂದಿಷ್ಟು ಹಾಲು ಹಾಕಿಕೊಳ್ಳಿ, ಆರಿಸಿ ಕುಡಿಯಿರಿ ಅಂದಳು. ಚಂದವ್ವ ಹೋಗಿ ಹಾಲು ತಂದಳು. ಐದೂವರೆಯ ಹೊತ್ತಿಗೆ ಆ ಕಡೆಯ ಮಾತು ಗಿಡ್ಡವಾದವು. ಏಳಕ್ಕೆ ದನಿಯೇ ಬೇರೆಯಾಗಿತ್ತು: ಇಷ್ಟು ಹೊತ್ತು ಇರಬಾರದು, ನಾಳೆ ಮೊದಲ ಬಸ್ಸಿಗೆ ಬರ್ರಿ.

ಮರುದಿನ ಆಫ್ರೀನಳ ಕಣ್ಣು ಕೆಂಪಗಿದ್ದವು. ಸೂಜಿ ನರಕ್ಕೆ ತಾಗಿತೋ ಏನೋ ಎಂದು ನಿದ್ದೆಯೇ ಹತ್ತಲಿಲ್ಲ ಅಂದಳು. ಆಗಲೇ ಹೇಳಿಬಿಡಬೇಕಿತ್ತು, ಚಂದವ್ವ ಹೋಗಿ ಕುರ್ಚಿಯ ಮೇಲೆ ಕೂತಳು.

"ಕಣ್ಣ ಮುಚ್ರಿ. ಹತ್ತಿ ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ."

ಹತ್ತಿಯ ಎಳೆ ತುಟಿಗೆ ಸೋಂಕಿತು, ಇರುವೆ ಹರಿದಷ್ಟು ಹಗುರ. ಚಂದವ್ವ ಸುಮ್ಮನಿದ್ದಳು. ಮತ್ತೆ ಸೋಂಕಿತು. ಆಫ್ರೀನಳ ಗವಸಿನ ಬೆರಳು ಗಲ್ಲಕ್ಕೆ ಆನಿಕೊಂಡಿತ್ತು. ಕಾಶಪ್ಪ ಹೋದಮೇಲೆ ಆ ಮುಖವನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಹೂಂ ಅಂದರೆ ಕೈ ತೆಗೆಯುತ್ತಾಳೆ ಅನ್ನುವುದೊಂದೇ ತಲೆಯಲ್ಲಿತ್ತು. ಮೂರನೆಯ ಸಲವೂ ನಾಲ್ಕನೆಯ ಸಲವೂ ಉಸಿರು ಬಿಗಿಹಿಡಿದು ಕೂತಳು.

ಬೆರಳು ಗಲ್ಲ ಬಿಟ್ಟಿತು.

"ಕಣ್ಣ ತೆರೀರಿ ಚಂದವ್ವಾರ. ಕಡೀಕ ಎರಡ ಸಲ ನಾ ಮುಟ್ಟಿದ್ದು ಎಡಗಡೆ."

ಎಡಗಡೆ ಸೂಜಿ ಹಾಕಿ ಹದಿನೈದು ದಿನ ಕಳೆದಿತ್ತು, ಅಲ್ಲಿ ಜೋಮಿರುವ ಮಾತೇ ಇರಲಿಲ್ಲ. ಚಂದವ್ವ ತಲೆ ತಗ್ಗಿಸಿದಳು.

"ಖರೆ ಹೇಳ್ರಿ. ಯಾವಾಗ ಇಳೀತು?"

"ಎರಡೂವರಿಗೇ ಇಳಿದಿತ್ರಿ."

"ಮತ್ತ ಇಲ್ಲ ಅಂತ ಯಾಕ ಅಂದ್ರಿ?"

ಚಂದವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. "ಇಳೀತು ಅಂದ್ರ ನೀವು ಮತ್ತ ಫೋನ್ ಹಚ್ತಿದ್ದಿಲ್ಲಲ್ರಿ."

ಬೈಯುತ್ತಾಳೆಂದು ಕಾದಳು. ಆಫ್ರೀನ ಬೈಯಲಿಲ್ಲ. ಚಂದವ್ವನ ಹೆಸರಿದ್ದ ಹಾಳೆಗೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಈಗ ಎರಡೂವರೆ ಅಂತ ಬರೆದುಕೊಂಡರೆ ಆಗದೇ ಎಂದು ಚಂದವ್ವ ಕೇಳಿದಳು. ಹಾಗೆ ಬರೆಯಲು ಬರುವುದಿಲ್ಲ, ಪರೀಕ್ಷೆಗೆ ಇನ್ನೊಬ್ಬರನ್ನು ಹುಡುಕಬೇಕು ಅಂದಳು ಆಫ್ರೀನ. ಹಲ್ಲು ಕಿತ್ತ ಜಾಗ ಚಲೋ ಇದೆ, ಇನ್ನು ಬರುವ ಕಾರಣವಿಲ್ಲ ಅಂತಲೂ ಹೇಳಿದಳು. ಬಾಗಿಲ ತನಕ ಬಂದು, ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.

ಕಮತಗಿ ದಾಟುವಾಗ ಚಂದವ್ವ ಚೀಲದಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಹುನಗುಂದ ಬಂತು, ಹೋಯಿತು.

ಎರಡೂವರೆಗೆ ಅವಳು ರಾಟೆಯ ಮುಂದಿದ್ದಳು. ಹರಿದ ನೂಲಿಗೆ ಗಂಟು ಹಾಕಿ ಬಾಯಿಗೆ ಒಯ್ದವಳು ತಡೆದಳು. ಎದ್ದು ಕತ್ತರಿ ಹುಡುಕಿ ತಂದು ತುದಿ ಕತ್ತರಿಸಿದಳು. ಆ ತುಂಡು ನೂಲನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದಳು. ತುಟಿಯ ಬಲಕ್ಕೆ ಸೋಂಕಿಸಿ "ಹೂಂ" ಅಂದಳು. ಎಡಕ್ಕೆ ಸೋಂಕಿಸಿ ಮತ್ತೊಮ್ಮೆ, ತುಸು ಗಟ್ಟಿಯಾಗಿ, "ಹೂಂ" ಅಂದಳು.